ಪೊರೆಯ ಅಳಿವು, ಮರುಹುಟ್ಟು

ನರತಂತುಗಳನ್ನು ಸುತ್ತಿಕೊಂಡು ಸಂಕೇತಗಳ ವೇಗವನ್ನು ಹೆಚ್ಚಿಸುವ ಮಯಲಿನ್ ಎಂಬ ಕೊಬ್ಬಿನಂಶದ ಪೊರೆ ನಶಿಸುವುದನ್ನೂ ಮರಳಿ ಕೂಡಿಕೊಳ್ಳುವುದನ್ನೂ ಜೀವಂತ ಇಲಿಯ ಮಿದುಳಿನಲ್ಲಿಯೇ ಹಿಂಬಾಲಿಸಬಲ್ಲ ಎಂಆರ್‌ಐ ವಿಧಾನದ ಸೊಗಸಿರುವುದು, ನೀರಿನ ಚಲನೆಯಿಂದ ಪೊರೆಯ ಸ್ಥಿತಿಯನ್ನು ಊಹಿಸುವ ಅದರ ಜಾಣ್ಮೆಯಲ್ಲಿ. ತಾಮ್ರವನ್ನು ಹಿಡಿದಿಡುವ ಕ್ಯುಪ್ರಿಜೋನ್ ಎಂಬ ರಾಸಾಯನಿಕವನ್ನು ಆಹಾರದಲ್ಲಿ ಶೇ. 0.2ರಷ್ಟು ಬೆರೆಸಿ ಐದಾರು ವಾರ ಕೊಟ್ಟಾಗ, ಮಯಲಿನ್ ತಯಾರಿಸುವ ಕೋಶಗಳು ಸತ್ತು, ಮಿದುಳಿನ ಎರಡು ಅರ್ಧಗೋಳಗಳನ್ನು ಬೆಸೆಯುವ ಕಾರ್ಪಸ್ ಕ್ಯಾಲೋಸಮ್ ಪೊರೆ ಕಳೆದುಕೊಳ್ಳುತ್ತದೆ. ಆಗ ತಂತುವಿಗೆ ಅಡ್ಡಲಾಗಿ ನೀರು ಹರಡುವ ಪ್ರಮಾಣ ಏರಿ, ಆ ಬೆರಕೆ ನಿಲ್ಲಿಸಿದ ಬಳಿಕ ಪೊರೆ ಬೆಳೆದಂತೆ ಇಳಿಯುತ್ತದೆ. ಅಂಗಾಂಶ ಪರೀಕ್ಷೆಗೆ ಪ್ರತಿ ಹಂತದಲ್ಲೂ ಬೇರೆ ಪ್ರಾಣಿ ಬಲಿಯಾಗಬೇಕಾದರೆ, ಇಲ್ಲಿ ಒಂದೇ ಇಲಿಯನ್ನು ಮತ್ತೆ ಮತ್ತೆ ಅಳೆಯಬಹುದು. ಉರಿಯೂತವೂ ಬಾವೂ ಇದೇ ಅಳತೆಯನ್ನು ಕದಡಬಲ್ಲವಾದ್ದರಿಂದ (ಮೆಚ್ಚುಗೆಗೂ ಎಚ್ಚರ ಬೇಕಷ್ಟೆ) ಕೊನೆಯಲ್ಲೊಮ್ಮೆ ಸೂಕ್ಷ್ಮದರ್ಶಕದ ಸಾಕ್ಷ್ಯವನ್ನೂ ಕೇಳಲಾಗುತ್ತದೆ.