ಪುಸ್ತಕ ಹೇಳಿದ್ದನ್ನೇ ಕೈಯೂ ಹೇಳಲಿ

ಡೈನೋಸಾರ್ ಚಿತ್ರಪುಸ್ತಕ ಓದಿ ಮುಗಿದ ಕೂಡಲೇ ಮಕ್ಕಳ ಕೈಗೆ ಪ್ಲಾಸ್ಟರ್ ಗಟ್ಟಿ, ಪುಟ್ಟ ಉಳಿ, ಬ್ರಷ್ ಕೊಟ್ಟು ‘ಮೂಳೆ ಅಗೆಯಿರಿ’ ಎನ್ನುವುದು ಅನೇಕ ಕಡೆ ರೂಢಿಯಾಗಿದೆ. ಓದಿಗೆ ಕೈಕೆಲಸ ಜೊತೆಯಾಗುವುದು ಒಳ್ಳೆಯದೇ. ಆದರೆ ಎರಡೂ ಒಂದೇ ಮಾತು ಹೇಳುತ್ತಿವೆಯೇ? ಇದನ್ನು ಒರೆಗೆ ಹಚ್ಚಲು ಅಮೆರಿಕದ ಲೇಖಕಿ, ಚಿತ್ರಕಲಾವಿದೆ ಅಲಿಕಿಯವರ ಎರಡು ಪುಸ್ತಕಗಳು ಸಾಕು.

1972ರ ‘ಫಾಸಿಲ್ಸ್ ಟೆಲ್ ಆಫ್ ಲಾಂಗ್ ಅಗೋ’ ಶುರುವಾಗುವುದು ಮೀನಿನಿಂದ. ದೊಡ್ಡ ಮೀನೊಂದು ಸಣ್ಣ ಮೀನನ್ನು ಇಡಿಯಾಗಿ ನುಂಗಿ, ಸತ್ತು ಕಡಲ ತಳ ಸೇರುತ್ತದೆ. ಮೆತ್ತನೆಯ ಭಾಗ ಕೊಳೆಯುತ್ತದೆ, ಮೂಳೆಯ ಮೇಲೆ ಕೆಸರು ಕೂರುತ್ತದೆ, ನೀರಲ್ಲಿ ಕರಗಿದ ಖನಿಜ ಒಳಗಿಳಿದು ಮೂಳೆ ಕಲ್ಲಾಗುತ್ತದೆ. ಮುಂದೆ ಜೇಡಿಮಣ್ಣಿನಲ್ಲಿ ಅಂಗೈ ಒತ್ತಿ ಗುರುತು ಮೂಡಿಸುವುದನ್ನು ಪುಸ್ತಕವೇ ಹೇಳಿಕೊಡುತ್ತದೆ. ಕೈ ತೆಗೆದ ಮೇಲೂ ಬೆರಳಿನ ಗೆರೆ ಉಳಿದದ್ದನ್ನು ಕಂಡ ಮಗುವಿಗೆ ಡೈನೋಸಾರಿನ ಹೆಜ್ಜೆ ಹೇಗೆ ಉಳಿಯಿತೆಂದು ಬಿಡಿಸಿ ಹೇಳಬೇಕಿಲ್ಲ.

ಆದರೂ ಅದು ಅರ್ಧ ಕತೆ. ಅಂಗೈ ಗುರುತಿನಿಂದ ಅಚ್ಚು ತಿಳಿಯುತ್ತದೆ. ಮೂಳೆ ಕಲ್ಲಾಗುವುದು ತಿಳಿಯುವುದಿಲ್ಲ. ಅದಕ್ಕೆ ಬೇರೆ ಕೆಲಸ ಬೇಕು. ಸ್ಪಂಜನ್ನು ಮೂಳೆಯಾಕಾರಕ್ಕೆ ಕತ್ತರಿಸಿ, ಗಾಢ ಉಪ್ಪುನೀರಲ್ಲಿ ನೆನೆಸಿ ಬಿಸಿಲಿಗಿಟ್ಟರೆ, ನೀರು ಆರಿ ಉಪ್ಪು ತೂತುಗಳಲ್ಲಿ ಕಟ್ಟಿಕೊಂಡು ಸ್ಪಂಜು ಗಡುಸಾಗುತ್ತದೆ. ಮೀನಿನ ಪುಟಗಳಿಗೆ ಇದೇ ತಕ್ಕ ಜೊತೆ. ಕಲಸಿದ ಹಿಟ್ಟಿಗೆ ಪ್ಲಾಸ್ಟಿಕ್ ಡೈನೋಸಾರ್ ಒತ್ತುವ ಆಟವನ್ನು ಮಾತ್ರ ನಾನು ಒಪ್ಪಲಾರೆ. ಇಡೀ ಪ್ರಾಣಿಯೇ ಕಲ್ಲಿನಲ್ಲಿ ಅಚ್ಚಾಗಿ ಸಿಗುತ್ತದೆಂದು ಮಗು ನಂಬಿಬಿಡುತ್ತದೆ. ಸಾಮಾನ್ಯವಾಗಿ ಸಿಗುವುದು ಚದುರಿದ ಮೂಳೆ, ಹಲ್ಲು. ಒತ್ತುವುದಾದರೆ ಕಪ್ಪೆಚಿಪ್ಪು, ಎಲೆ ಒತ್ತಲಿ. ಅವುಗಳ ಅಚ್ಚು ನಿಜಕ್ಕೂ ಕಲ್ಲಿನಲ್ಲಿ ಸಿಗುತ್ತದೆ.

1981ರ ‘ಡಿಗಿಂಗ್ ಅಪ್ ಡೈನೋಸಾರ್ಸ್’ ಜೊತೆಗಿಟ್ಟು ನೋಡಿದರೆ ಅಗೆಯುವ ಕಿಟ್‌ಗಳ ದೋಷ ಎದ್ದು ಕಾಣುತ್ತದೆ. ಕಿಟ್‌ನಲ್ಲಿ ಪ್ಲಾಸ್ಟರ್ ಒಡೆದು ಬಿಸಾಡುವ ವಸ್ತು. ಪುಸ್ತಕದಲ್ಲಿ ಅದೇ ಪ್ಲಾಸ್ಟರ್ ಮೂಳೆಯನ್ನು ಕಾಯುತ್ತದೆ: ಮೂಳೆ ದಾರಿಯಲ್ಲಿ ಮುರಿಯದಿರಲೆಂದು ಪ್ಲಾಸ್ಟರಿನಲ್ಲಿ ಅದ್ದಿದ ಪಟ್ಟಿ ಸುತ್ತಿ ಮ್ಯೂಸಿಯಂಗೆ ಸಾಗಿಸುತ್ತಾರೆ. ಪುಸ್ತಕದ ಅಗೆತದ ತಂಡದಲ್ಲಿ ಅಗೆಯುವವರಷ್ಟೇ ಅಲ್ಲ, ಚಿತ್ರ ಬರೆದುಕೊಳ್ಳುವವರೂ ಫೋಟೊ ತೆಗೆಯುವವರೂ ಇದ್ದಾರೆ. ಕಿಟ್‌ನಲ್ಲಿ ಅವರಿಗೆ ಜಾಗವಿಲ್ಲ. ಆಟಿಕೆ ಹೊರಬಂದೊಡನೆ ಕೆಲಸ ಮುಗಿಯಿತು.

ಇದನ್ನು ಸರಿಪಡಿಸಲು ಖರ್ಚಿಲ್ಲ. ಮರಳಿನ ತಟ್ಟೆಯ ಮೇಲೆ ದಾರ ಕಟ್ಟಿ ಚೌಕ ಮಾಡಿ, ಸಿಕ್ಕಿದ್ದನ್ನು ಎತ್ತುವ ಮೊದಲು ಯಾವ ಚೌಕದಲ್ಲಿ, ಯಾವ ಬದಿಗೆ ತಿರುಗಿತ್ತು ಎಂದು ಹಾಳೆಯಲ್ಲಿ ಬರೆಸಬೇಕು. ಒಣಕಡ್ಡಿಗೆ ಒದ್ದೆ ಪತ್ರಿಕೆ ಸುತ್ತಿ, ಮೇಲೆ ಪ್ಲಾಸ್ಟರ್ ಬಟ್ಟೆ ಕಟ್ಟಿಸಬೇಕು. ಕಿಟ್ ಕೊಳ್ಳುವ ಮುಂಚೆ ಶಿಕ್ಷಕರು ಪುಸ್ತಕವನ್ನು ಮತ್ತೊಮ್ಮೆ ಓದಿ, ಅದರಲ್ಲಿ ಯಾರು ಯಾವ ಕೆಲಸ ಮಾಡುತ್ತಾರೆಂದು ಪಟ್ಟಿ ಮಾಡಿಕೊಳ್ಳಲಿ. ಮಕ್ಕಳಿಗೆ ಕೊಡಬೇಕಾದ ಕೆಲಸವೆಲ್ಲ ಆ ಪಟ್ಟಿಯಲ್ಲೇ ಇದೆ.