ಜಿಲ್ಲೆ ಬದಲಾದರೆ ಹಳೆಯ ಕಡತವೂ ಬದಲಾಗಬೇಕೇ?

ಸರ್ಕಾರಿ ಯೋಜನೆಯ ವಿವರವನ್ನು ಸರಳ ಪಠ್ಯದ ಒಂದೇ ಕಡತದಲ್ಲಿ ಬರೆದಿಟ್ಟು, ವರದಿ, ಕ್ರಿಯಾ ಯೋಜನೆ, ಮಾಹಿತಿ ಫಲಕ ಎಲ್ಲವನ್ನೂ ಅದರಿಂದಲೇ ತಾನಾಗಿ ಹೊರಡಿಸುವ ಪದ್ಧತಿಯನ್ನು ನಾನು ಮನಸಾರೆ ಮೆಚ್ಚುತ್ತೇನೆ. ಸರಳ ಪಠ್ಯಕ್ಕೆ ಗುರುತು ಹಾಕುವ 2004ರ ಮಾರ್ಕ್‌ಡೌನ್, ಆ ಪಠ್ಯವನ್ನು ಬೇರೆ ರೂಪಗಳಿಗೆ ಪರಿವರ್ತಿಸುವ 2006ರ ಪ್ಯಾನ್‌ಡಾಕ್ ಈ ಪದ್ಧತಿಯನ್ನು ಯಾರ ಕೈಗೂ ಎಟಕುವಂತೆ ಮಾಡಿವೆ. ಆದರೆ ಅದರ ಪರವಾಗಿ ಎಲ್ಲರೂ ಹೇಳುವ ಮಾತನ್ನು ಒಪ್ಪಲಾರೆ: ಒಂದು ಕಡೆ ತಿದ್ದಿ, ಎಲ್ಲ ಕಡೆ ಸರಿಹೋಗುತ್ತದೆ. ತಂತ್ರಾಂಶದ ಕೈಪಿಡಿಗೆ ಇದು ಸರಿ. ಆಡಳಿತದ ದಾಖಲೆಗೆ ಅಪಾಯ.

ಹರಪನಹಳ್ಳಿ ತಾಲೂಕನ್ನೇ ನೋಡಿ. 1997ರಲ್ಲಿ ಬಳ್ಳಾರಿಯಿಂದ ಬಿಡಿಸಿ ಹೊಸ ದಾವಣಗೆರೆ ಜಿಲ್ಲೆಗೆ ಸೇರಿಸಿದರು. 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಕೂಡ್ಲಿಗಿಯ ಭಾಗವಾಗಿದ್ದ ಕೊಟ್ಟೂರು ಈ ನಡುವೆ ತಾನೇ ತಾಲೂಕಾಯಿತು. ಹಡಗಲಿ, ಹಗರಿಬೊಮ್ಮನಹಳ್ಳಿಗಳ ಜಿಲ್ಲೆಯೂ ಬದಲಾಯಿತು. ಈಗ ಮೂಲ ಕಡತದ ‘ಜಿಲ್ಲೆ’ ಎಂಬ ಸಾಲಿನಲ್ಲಿ ವಿಜಯನಗರ ಎಂದು ಬರೆದು ಗುಂಡಿ ಒತ್ತಿದರೆ, 2015ರ ರಸ್ತೆ ಕಾಮಗಾರಿಯ ಅನುದಾನ ಬಳಕೆ ಪ್ರಮಾಣಪತ್ರವೂ ವಿಜಯನಗರದ್ದಾಗಿ ಹೊರಬೀಳುತ್ತದೆ. ಆಗ ಆ ಜಿಲ್ಲೆಯೇ ಇರಲಿಲ್ಲ! ಇದು ಬರೀ ಹೆಸರಿನ ತಕರಾರೂ ಅಲ್ಲ. 2013ರಲ್ಲಿ ಬಳ್ಳಾರಿಗೆ ಸಂವಿಧಾನದ 371(ಜೆ) ವಿಧಿಯ ವಿಶೇಷ ಸವಲತ್ತು ಸಿಕ್ಕಾಗ ದಾವಣಗೆರೆಯಲ್ಲಿದ್ದ ಹರಪನಹಳ್ಳಿಗೆ ಅದು ದಕ್ಕಲಿಲ್ಲ. ಅದಕ್ಕಾಗಿಯೇ ಜನ ಹೋರಾಡಿದರು. ಆ ವರ್ಷಗಳ ದಾಖಲೆಯಿಂದ ದಾವಣಗೆರೆ ಅಳಿಸಿದರೆ ಅವರಿಗಾದ ನಷ್ಟದ ಪುರಾವೆಯೂ ಅಳಿಯುತ್ತದೆ.

‘ಗಿಟ್ ಇದೆಯಲ್ಲ, ಹಳೆಯ ಆವೃತ್ತಿ ಎಲ್ಲಿಗೂ ಹೋಗುವುದಿಲ್ಲ’ ಎಂಬ ಉತ್ತರ ಬರುತ್ತದೆ. ನಿಜ, ತಿದ್ದುಪಡಿಗಳ ಇತಿಹಾಸವನ್ನು ಕಾಪಾಡುವ ಗಿಟ್ ದೊಡ್ಡ ಸಾಧನೆ. ಆದರೆ ಅದು ಹೇಳುವುದು ಕಡತವನ್ನು ಯಾರು, ಯಾವಾಗ ತಿದ್ದಿದರು ಎಂಬುದನ್ನು. ಸಂಗತಿ ಎಂದಿನಿಂದ ಜಾರಿಯಾಯಿತು ಎಂಬುದು ಅದಕ್ಕೆ ಗೊತ್ತಿಲ್ಲ. 2018ರ ಬದಲಾವಣೆಯನ್ನು ಗುಮಾಸ್ತರು 2022ರಲ್ಲಿ ನಮೂದಿಸಿದರೆ ಗಿಟ್‌ನಲ್ಲಿ ಉಳಿಯುವುದು 2022. ಹಾಗಾಗಿ ಜಾರಿಯ ಅವಧಿ ಮೂಲ ಪಠ್ಯದೊಳಗೇ ಇರಬೇಕು: ದಾವಣಗೆರೆ, 1997ರಿಂದ 2018, ಬಳ್ಳಾರಿ, 2018ರಿಂದ 2021, ವಿಜಯನಗರ, 2021ರಿಂದ. ಯಾವ ದಾಖಲೆಗೆ ಯಾವ ಹೆಸರು ಎಂಬುದನ್ನು ಅದರ ದಿನಾಂಕ ನೋಡಿ ಯಂತ್ರ ಆರಿಸಿಕೊಳ್ಳಲಿ. ಒಂದು ಸಾಲಿನ ಬದಲು ಮೂರು ಸಾಲು ಬರೆಯಬೇಕು, ಅಷ್ಟೇ.

ಇನ್ನೊಂದು ಕುರುಡು ನಂಬಿಕೆ, ನಮ್ಮಲ್ಲಿ ಸರಳ ಪಠ್ಯ ಈಗಾಗಲೇ ಇದೆ ಎಂಬುದು. ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನ ಕಡತವನ್ನು ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿ: ‘ಕನ್ನಡ’ ಎಂಬ ಪದದೊಳಗೆ ಪೌಂಡ್ ಹಣದ ಚಿಹ್ನೆ ಕೂತಿರುತ್ತದೆ. ಆ ಫಾಂಟಿನಲ್ಲಿ ಕಣ್ಣಿಗೆ ಕನ್ನಡವಾಗಿ ಕಂಡರೂ ಯಂತ್ರದ ಪಾಲಿಗೆ ಅದು ಕನ್ನಡವಲ್ಲ. ಹುಡುಕಾಟ, ಅಕಾರಾದಿ ಜೋಡಣೆ ಯಾವುದೂ ಅದರ ಮೇಲೆ ಸರಿಯಾಗಿ ನಡೆಯದು. ನುಡಿ, ಬರಹ ತಂತ್ರಾಂಶಗಳು ಕಂಪ್ಯೂಟರಿನಲ್ಲಿ ಕನ್ನಡವನ್ನು ಕಾಪಾಡಿದವು, ಆ ಋಣ ದೊಡ್ಡದು. ಹಾಗೆಂದು ಹಳೆಯ ಸಂಕೇತದ ಕಡತಗಳನ್ನು ಮೂಲವೆಂದು ಒಪ್ಪಲಾಗದು.

ತಾಲೂಕು ಕಚೇರಿಗಳಲ್ಲಿ ಈ ಕೆಲಸಕ್ಕೆ ಕೈಹಾಕುವ ಎಂಜಿನಿಯರುಗಳಲ್ಲಿ ನನ್ನ ಕೋರಿಕೆ ಇಷ್ಟು: ಮೊದಲು ಕಡತಗಳನ್ನು ಯೂನಿಕೋಡಿಗೆ ತನ್ನಿ, ಪ್ರತಿ ಸಂಗತಿಗೂ ಜಾರಿಯ ದಿನಾಂಕ ಬರೆಯಿರಿ. ಅದಾಗುವವರೆಗೆ ಹಳೆಯ ಪ್ರಮಾಣಪತ್ರಗಳನ್ನು ಹೊಸದಾಗಿ ಮುದ್ರಿಸಬೇಡಿ.