ಅನುದಾನದ ಕಲಮು ಮತ್ತು ಸ್ವಾಯತ್ತತೆ: ಪ್ರಸಾರ ಭಾರತಿಯ ಆರ್ಥಿಕ ನೆಲೆ

ಸಾರ್ವಜನಿಕ ಪ್ರಸಾರ ಸಂಸ್ಥೆಯ ಸ್ವಾತಂತ್ರ್ಯವನ್ನು ಕುರಿತ ಚರ್ಚೆ ಭಾರತದಲ್ಲಿ ಬಹುಮಟ್ಟಿಗೆ ವಾರ್ತೆಗಳ ಸುತ್ತಲೇ ನಡೆದಿದೆ. ವಾರ್ತೆಗಳಲ್ಲಿ ಆಳುವ ಪಕ್ಷಕ್ಕೆ ಎಷ್ಟು ಸಮಯ, ವಿರೋಧ ಪಕ್ಷಗಳಿಗೆ ಎಷ್ಟು ಎಂಬ ಪ್ರಶ್ನೆಗೆ ದೊರೆತ ಗಮನ, ಸಂಸ್ಥೆಯ ವೆಚ್ಚವನ್ನು ಯಾರು, ಯಾವ ಷರತ್ತಿನ ಮೇಲೆ ಭರಿಸುತ್ತಾರೆ ಎಂಬ ಪ್ರಶ್ನೆಗೆ ದೊರೆತಿಲ್ಲ. ಪ್ರಸಾರ ಭಾರತಿಯ ಚರಿತ್ರೆಯನ್ನು ಪರಿಶೀಲಿಸಿದಾಗ ಸ್ವಾಯತ್ತತೆಯ ಪರೀಕ್ಷೆ ಸುದ್ದಿಮನೆಗಿಂತ ಮೊದಲು ಆಯವ್ಯಯದಲ್ಲಿಯೇ ನಡೆದುಹೋಗುತ್ತದೆ ಎಂಬುದು ಕಂಡುಬರುತ್ತದೆ.

ಹಣದ ಪ್ರಶ್ನೆ ಭಾರತೀಯ ಬಾನುಲಿಯಷ್ಟೇ ಹಳೆಯದು. 1927ರಲ್ಲಿ ಮುಂಬಯಿಯಲ್ಲಿ ಪ್ರಸಾರ ಆರಂಭಿಸಿದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ ಪರವಾನಗಿ ಶುಲ್ಕದ ಪಾಲನ್ನು ನೆಚ್ಚಿಕೊಂಡಿದ್ದ ಖಾಸಗಿ ಸಂಸ್ಥೆ. ವರಮಾನ ಸಾಲದೆ 1930ರಲ್ಲಿ ಅದು ಮುಚ್ಚಿತು. ಪ್ರಸಾರ ಸರ್ಕಾರದ ಕೈಸೇರಿತು. ಮೈಸೂರಿನಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಸ್ವಂತ ಖರ್ಚಿನಿಂದ ಬಾನುಲಿ ಕೇಂದ್ರವೊಂದನ್ನು ತೆರೆದರು. ‘ಆಕಾಶವಾಣಿ’ ಎಂಬ ಹೆಸರು ಬಳಕೆಗೆ ಬಂದದ್ದು ಈ ಕೇಂದ್ರದಿಂದ. ವ್ಯಕ್ತಿಯೊಬ್ಬರ ಉತ್ಸಾಹ ಮತ್ತು ಹಣದ ಬಲದಿಂದ ಕೇಂದ್ರವನ್ನು ಬಹುಕಾಲ ನಡೆಸುವುದು ಸಾಧ್ಯವಿರಲಿಲ್ಲ. ಅದು ನಗರಸಭೆಯ ನೆರವನ್ನು ಪಡೆದು, 1940ರ ದಶಕದ ಆರಂಭದಲ್ಲಿ ಸಂಸ್ಥಾನದ ಆಡಳಿತಕ್ಕೆ ಒಳಪಟ್ಟಿತು. ಮಾರುಕಟ್ಟೆಯಾಗಲಿ ಖಾಸಗಿ ಔದಾರ್ಯವಾಗಲಿ ಪ್ರಸಾರವನ್ನು ಉಳಿಸಲಾರದೆ ಹೋದಾಗ ಸರ್ಕಾರ ಮುಂದೆ ಬಂದಿತು ಎಂಬುದು ಈ ಎರಡೂ ಪ್ರಸಂಗಗಳ ಸಮಾನ ಅಂಶ.

ಸ್ವಾತಂತ್ರ್ಯಾನಂತರವೂ ಪರವಾನಗಿ ಶುಲ್ಕ ಮುಂದುವರಿಯಿತು. ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಹಣ ಕಟ್ಟಿ ಪುಸ್ತಕದಲ್ಲಿ ಮುದ್ರೆ ಹಾಕಿಸಿಕೊಳ್ಳುವುದು ರೇಡಿಯೊ ಹೊಂದಿದ ಮನೆಗಳ ವಾಡಿಕೆಯಾಗಿತ್ತು. ವಿವಿಧ ಭಾರತಿಯಲ್ಲಿ 1967ರಿಂದ, ದೂರದರ್ಶನದಲ್ಲಿ 1976ರಿಂದ ಜಾಹೀರಾತು ಸೇರಿಕೊಂಡಿತು. 1980ರ ದಶಕದ ಮಧ್ಯಭಾಗದಲ್ಲಿ ಪರವಾನಗಿ ಶುಲ್ಕವನ್ನು ರದ್ದುಪಡಿಸಲಾಯಿತು. ಬಡವನಿಗೂ ಸಿರಿವಂತನಿಗೂ ಒಂದೇ ದರ ವಿಧಿಸುತ್ತಿದ್ದ, ವಸೂಲಿಯೇ ತೊಡಕಾಗಿದ್ದ ಶುಲ್ಕವನ್ನು ಕೈಬಿಟ್ಟದ್ದು ತಪ್ಪೆನ್ನಲಾಗದು. ಆದರೆ ಅದರೊಡನೆ ಕೇಳುಗನಿಗೂ ಪ್ರಸಾರಕ್ಕೂ ನೇರವಾಗಿದ್ದ ಏಕೈಕ ಹಣಕಾಸಿನ ಸಂಬಂಧ ಕಡಿದುಹೋಯಿತು. ಆ ಸ್ಥಾನವನ್ನು ತುಂಬಬಲ್ಲ ಬೇರೊಂದು ವ್ಯವಸ್ಥೆ ರೂಪುಗೊಳ್ಳಲಿಲ್ಲ.

ಈ ಕೊರತೆ 1990ರ ಪ್ರಸಾರ ಭಾರತಿ ಅಧಿನಿಯಮದಲ್ಲಿಯೇ ಅಚ್ಚಾಗಿದೆ. ಅದರ 12ನೆಯ ಕಲಮು ಜನರಿಗೆ ಮಾಹಿತಿ, ಶಿಕ್ಷಣ ಮತ್ತು ಮನರಂಜನೆ ನೀಡುವ ಸಾರ್ವಜನಿಕ ಪ್ರಸಾರವನ್ನು ನಿಗಮದ ಪ್ರಾಥಮಿಕ ಕರ್ತವ್ಯವೆಂದು ವಿಧಿಸುತ್ತದೆ. ಇದಕ್ಕೆ ಬೇಕಾದ ಹಣದ ಮಾತು ಬರುವುದು 17ನೆಯ ಕಲಮಿನಲ್ಲಿ. ಸಂಸತ್ತಿನ ಒಪ್ಪಿಗೆಗೆ ಒಳಪಟ್ಟು ಕೇಂದ್ರ ಸರ್ಕಾರವು ಪರವಾನಗಿ ಶುಲ್ಕದ ಉತ್ಪನ್ನವೇನಾದರೂ ಇದ್ದಲ್ಲಿ ಅದನ್ನೂ, ತನಗೆ ಅವಶ್ಯವೆಂದು ತೋರಿದ ಇತರ ಮೊತ್ತವನ್ನೂ ನೀಡಬಹುದು ಎಂಬುದು ಅದರ ತಾತ್ಪರ್ಯ. ಆ ವೇಳೆಗಾಗಲೇ ಇಲ್ಲವಾಗಿದ್ದ ಶುಲ್ಕವನ್ನು ಕಾನೂನು ಮೊದಲ ಮೂಲವಾಗಿ ಹೆಸರಿಸುತ್ತದೆ; ಎರಡನೆಯದನ್ನು ಸರ್ಕಾರದ ವಿವೇಚನೆಗೆ ಬಿಡುತ್ತದೆ. ಕರ್ತವ್ಯದ ಕಲಮು ನಿಗಮವನ್ನು ಕಟ್ಟಿಹಾಕುವಂತೆ ಹಣದ ಕಲಮು ಸರ್ಕಾರವನ್ನು ಕಟ್ಟಿಹಾಕುವುದಿಲ್ಲ. ಈ ಅಸಮತೆಯೇ ಅಧಿನಿಯಮದ ಮೂಲ ದೋಷ.

ಇದರ ಪರಿಣಾಮಗಳು ಬೇಗನೆ ಗೋಚರಿಸಿದವು. 1995ರಲ್ಲಿ ಸರ್ವೋಚ್ಚ ನ್ಯಾಯಾಲಯ ಪ್ರಸಾರ ತರಂಗಗಳು ಸಾರ್ವಜನಿಕ ಸ್ವತ್ತು ಎಂದು ಸಾರಿತು. 1997ರಲ್ಲಿ ಅಧಿನಿಯಮ ಜಾರಿಗೆ ಬಂದಿತು. ನಿಗಮದ ನೌಕರರು ಮಾತ್ರ ಸರ್ಕಾರಿ ನೌಕರರಾಗಿಯೇ ಉಳಿದರು. ಅವರಲ್ಲಿ 2007ರ ಅಕ್ಟೋಬರ್ 5ರಂದು ಸೇವೆಯಲ್ಲಿದ್ದವರ ವೇತನವನ್ನು ಸರ್ಕಾರವೇ ಭರಿಸುವ ನಿರ್ಣಯ 2012ರಲ್ಲಿ ಆಯಿತು. ಸಂಬಳ ಕೊಡುವವರೊಬ್ಬರು, ಕೆಲಸ ಮಾಡಿಸುವವರು ಇನ್ನೊಬ್ಬರು ಎಂಬ ಸ್ಥಿತಿಯಲ್ಲಿ ಸ್ವಾಯತ್ತತೆಯ ಅರ್ಥ ಸಂಕುಚಿತವಾಗುವುದು ಅನಿವಾರ್ಯ. ಸ್ಯಾಮ್ ಪಿತ್ರೋಡಾ ಅಧ್ಯಕ್ಷತೆಯ ಸಮಿತಿ ತನ್ನ 2014ರ ವರದಿಯಲ್ಲಿ, ಸಿಬ್ಬಂದಿಗೆ ಸಂಬಂಧಿಸಿದ ನಿಯಮಗಳನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ರೂಪಿಸುವ ಅಧಿಕಾರ ನಿಗಮಕ್ಕಿರಬೇಕೆಂದು ಹೇಳಿದ್ದು ಈ ಕಾರಣಕ್ಕಾಗಿಯೇ.

ಸ್ವಂತ ವರಮಾನ ಹೆಚ್ಚಿಸಿಕೊಂಡರೆ ಸಮಸ್ಯೆ ಬಗೆಹರಿಯುವುದೆಂಬ ವಾದವಿದೆ. ಅದನ್ನು ಎಚ್ಚರಿಕೆಯಿಂದ ಪರಿಶೀಲಿಸಬೇಕು. ನಿಗಮದ ಗಳಿಕೆಯ ಒಂದು ಪ್ರಮುಖ ಮಾರ್ಗ ಡಿಡಿ ಫ್ರೀ ಡಿಶ್‌ನ ಸ್ಥಾನಗಳನ್ನು ಖಾಸಗಿ ವಾಹಿನಿಗಳಿಗೆ ಹರಾಜಿನಲ್ಲಿ ನೀಡುವುದು. ಸಾರ್ವಜನಿಕ ಪ್ರಸಾರಕನು ತನ್ನ ಪ್ರತಿಸ್ಪರ್ಧಿಗಳಿಗೆ ಜಾಗ ಬಾಡಿಗೆಗೆ ಕೊಟ್ಟು ಬದುಕುವ ಈ ಏರ್ಪಾಟು ಹಣ ತರಬಲ್ಲದು. ಆದರೆ ಅದು ಕಾರ್ಯಕ್ರಮಗಳ ಗುಣಕ್ಕೆ ಸಂಬಂಧಿಸಿದ ಗಳಿಕೆಯಲ್ಲ. ಜಾಹೀರಾತಿನ ಹಣವಾದರೋ ದೊಡ್ಡ ಮಾರುಕಟ್ಟೆಯಿರುವ ಭಾಷೆ ಮತ್ತು ಸಮಯಗಳ ಕಡೆಗೇ ಹರಿಯುತ್ತದೆ. ಧಾರವಾಡ, ಕಲಬುರಗಿ, ಭದ್ರಾವತಿ ಕೇಂದ್ರಗಳ ಕೃಷಿ ಕಾರ್ಯಕ್ರಮಗಳನ್ನಾಗಲಿ, ಗೆದ್ದವರಿಗೆ ಕನ್ನಡ ಪುಸ್ತಕಗಳನ್ನು ಬಹುಮಾನವಾಗಿ ಕೊಡುತ್ತ ಬಂದ ಚಂದನ ವಾಹಿನಿಯ ‘ಥಟ್ ಅಂತ ಹೇಳಿ’ಯಂಥ ಕಾರ್ಯಕ್ರಮವನ್ನಾಗಲಿ ವರಮಾನದ ಅಳತೆಗೋಲಿನಿಂದ ಅಳೆದರೆ ಅವು ಉಳಿಯುವುದು ಕಷ್ಟ. ಸಾರ್ವಜನಿಕ ಪ್ರಸಾರದ ಅಗತ್ಯವಿರುವುದು ಅಂಥವುಗಳಿಗಾಗಿಯೇ.

ಬೇರೆ ದೇಶಗಳ ಅನುಭವ ಇಲ್ಲಿ ಬೆಳಕು ಚೆಲ್ಲುತ್ತದೆ. ಬ್ರಿಟನ್ನಿನ ಬಿಬಿಸಿಗೆ ಮನೆಗಳಿಂದಲೇ ಶುಲ್ಕ ಬರುತ್ತದೆ. ದರವನ್ನು ಮಾತ್ರ ಸರ್ಕಾರ ನಿರ್ಧರಿಸುವುದರಿಂದ ಒತ್ತಡಕ್ಕೆ ಅವಕಾಶ ಉಳಿದಿದೆ. ಜರ್ಮನಿಯಲ್ಲಿ ಅಗತ್ಯ ಮೊತ್ತವನ್ನು ಸ್ವತಂತ್ರ ಆಯೋಗ ಅಂದಾಜಿಸುತ್ತದೆ. ತಿಂಗಳಿಗೆ 17.50 ಯೂರೊ ಇದ್ದ ವಂತಿಗೆಯನ್ನು 18.36ಕ್ಕೆ ಏರಿಸಲು ಸ್ಯಾಕ್ಸನಿ-ಅನ್ಹಾಲ್ಟ್ ರಾಜ್ಯ ಸಮ್ಮತಿ ನೀಡದಿದ್ದಾಗ, ಅದು ಪ್ರಸಾರ ಸ್ವಾತಂತ್ರ್ಯದ ಉಲ್ಲಂಘನೆಯೆಂದು ಅಲ್ಲಿನ ಸಂವಿಧಾನ ನ್ಯಾಯಾಲಯ 2021ರಲ್ಲಿ ತೀರ್ಪಿತ್ತಿತು. ಸಾಕಷ್ಟು ಹಣ ದೊರೆಯುವುದನ್ನು ಸ್ವಾತಂತ್ರ್ಯದ ಅಂಗವಾಗಿಯೇ ಕಂಡದ್ದು ಆ ತೀರ್ಪಿನ ಮಹತ್ವ. ಭಾರತದ ನ್ಯಾಯಾಲಯ ತರಂಗಗಳನ್ನು ಜನರ ಸ್ವತ್ತೆಂದಿತು. ಆ ಸ್ವತ್ತಿನ ಬಳಕೆಗೆ ಬೇಕಾದ ಹಣವೂ ಜನರ ಹಕ್ಕಿಗೆ ಸೇರಿದ್ದೆಂಬ ತತ್ತ್ವವನ್ನು ನಮ್ಮ ಶಾಸನ ಇನ್ನೂ ಒಪ್ಪಿಲ್ಲ.

ಹಣವೇ ಬರುತ್ತಿಲ್ಲವೆಂದು ಇದರ ಅರ್ಥವಲ್ಲ. 2023ರ ಜನವರಿಯಲ್ಲಿ ಕೇಂದ್ರ ಸಂಪುಟವು 2025–26ರವರೆಗಿನ ಮೂಲಸೌಕರ್ಯ ಅಭಿವೃದ್ಧಿಗಾಗಿ 2,539.61 ಕೋಟಿ ರೂಪಾಯಿಗಳ ಯೋಜನೆಯನ್ನು ಅನುಮೋದಿಸಿತು. ಆದರೆ ಅನುಗ್ರಹವಾಗಿ ಬರುವ ಹಣ ಯಂತ್ರಗಳನ್ನು ಹೊಸದಾಗಿಸಬಲ್ಲದೇ ಹೊರತು ಸಂಸ್ಥೆಯ ಸಂಕೋಚವನ್ನು ನೀಗಲಾರದು. ಹಳೆಯ ಪರವಾನಗಿ ಪದ್ಧತಿಗೆ ಮರಳುವ ಅಗತ್ಯವಿಲ್ಲ. ಅಗತ್ಯವನ್ನು ಅಂದಾಜಿಸುವ ಸ್ವತಂತ್ರ ಆಯೋಗ, ಹಲವು ವರ್ಷಗಳಿಗೆ ಮೊದಲೇ ಗೊತ್ತುಪಡಿಸಿದ ಮೊತ್ತ, ಅದರಲ್ಲಿ ಪ್ರಾದೇಶಿಕ ಭಾಷೆಗಳ ಕೇಂದ್ರಗಳಿಗೆ ಮೀಸಲಾದ ಪಾಲು: ಇವನ್ನು 17ನೆಯ ಕಲಮಿನಲ್ಲಿ ಸೇರಿಸುವುದು ಸಂಸತ್ತಿಗೆ ಸಾಧ್ಯವಿರುವ ಕಾರ್ಯ.

2023ರಲ್ಲಿ ಆಲ್ ಇಂಡಿಯಾ ರೇಡಿಯೊ ಎಂಬ ಇಂಗ್ಲಿಷ್ ಹೆಸರನ್ನು ಬಿಟ್ಟು, ಅಧಿನಿಯಮದಲ್ಲಿರುವ ಆಕಾಶವಾಣಿ ಎಂಬ ಹೆಸರನ್ನೇ ಬಳಸಲು ನಿರ್ದೇಶನ ಹೊರಟಿತು. ಮೈಸೂರಿನ ಮನೆಯೊಂದರಿಂದ ಹೊರಟ ಹೆಸರಿಗೆ ಅಧಿನಿಯಮದ ಬಲ ಹೀಗೆ ಒದಗಿತು. 12ನೆಯ ಕಲಮಿನ ಕರ್ತವ್ಯಕ್ಕೆ ಅಂಥ ಬಲ ಒದಗುವುದು ಇನ್ನೂ ಬಾಕಿಯಿದೆ.